ಹಳೆಯ ವಾಡೆಗಳ ಅಂಗಳ ಹಿತ್ತಲುಗಳು: ಕೊಲ್ಹಾಪುರ ಸೀಮೆಯ ಒಂದು ವಿಚಾರ

೧. ಪ್ರಸ್ತಾವನೆ

ಇತಿಹಾಸದ ಸಾಧನಗಳೆಂದರೆ ಕೋಟೆಯ ಗೋಡೆ, ಗುಡಿಯ ಶಿಖರ, ಶಾಸನದ ಕಲ್ಲು, ದಫ್ತರದ ಕಾಗದ, ಇಷ್ಟೇ ಎಂಬ ತಿಳಿವಳಿಕೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಮನೆಯ ಮುಂದಿನ ಅಂಗಳ, ಹಿಂದಿನ ಹಿತ್ತಲು, ಬಾವಿ, ಕಟ್ಟೆ, ಗಿಡಮರ ಇವುಗಳನ್ನು ಆ ಸಾಲಿನಲ್ಲಿ ಸೇರಿಸುವವರು ವಿರಳ. ವಾಡೆಯನ್ನು ಕಟ್ಟಿಸಿದವರ ಹೆಸರನ್ನು ಮನೆತನದವರು ಏಳು ತಲೆಯ ಹಿಂದಿನಿಂದ ಹೇಳಬಲ್ಲರು. ಅಂಗಳದ ಬೇವನ್ನು ನೆಟ್ಟವರಾರು, ಹಿತ್ತಲ ಬಾವಿಯ ನೀರು ಯಾವ ಗಿಡಕ್ಕೆ ಹರಿಯುತ್ತಿತ್ತು ಎಂದು ಕೇಳಿದರೆ ಹೇಳುವವರಿಲ್ಲ, ಕೇಳುವವರೂ ಇಲ್ಲ.

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಈ ಮೂರು ಊರುಗಳಲ್ಲಿ ಮೂರು ಬಗೆಯ ಹಳೆಯ ಮನೆಗಳಿವೆ. ಮೊದಲನೆಯದು ರಾಜಧಾನಿಯ ಅರಮನೆ, ಎರಡನೆಯದು ಜಹಗೀರದಾರರ ರಾಜವಾಡೆ, ಮೂರನೆಯದು ಹಳ್ಳಿಗಾಡಿನ ಪಾಟೀಲ, ದೇಸಾಯಿ, ಇನಾಮದಾರ, ಕುಲಕರ್ಣಿ ಮನೆತನಗಳ ವಾಡೆ. ಇವುಗಳಲ್ಲಿ ಕೆಲವು ಈಗ ಶಾಲೆ, ಕಚೇರಿ, ವಸ್ತುಸಂಗ್ರಹಾಲಯಗಳಾಗಿ ಬಳಕೆಯಲ್ಲಿವೆ, ಕೆಲವು ದುರಸ್ತಿಯನ್ನು ಕಾಯುತ್ತಿವೆ, ಕೆಲವು ಬಿದ್ದುಹೋಗಿವೆ. ದುರಸ್ತಿಗೆ ಕೈಯಿಟ್ಟಾಗ ಗೋಡೆ ಕಂಬಗಳ ಬಗೆಗೆ ಒಂದಿಷ್ಟಾದರೂ ವಿಚಾರ ನಡೆಯುತ್ತದೆ. ಸುತ್ತಲಿನ ನೆಲದ ಬಗೆಗೆ ಮಾತ್ರ ಯಾವ ವಿಚಾರವೂ ಇರುವದಿಲ್ಲ. ಹಳೆಯ ಕಟ್ಟೆಯನ್ನು ಕಿತ್ತು, ಬಾವಿಯನ್ನು ಹೂಳಿ, ನೆಲವನ್ನು ಸಮ ಮಾಡಿ, ಸಿಮೆಂಟಿನ ಬಿಲ್ಲೆ ಜೋಡಿಸಿ, ಉಳಿದ ಜಾಗದಲ್ಲಿ ಹುಲ್ಲುಹಾಸು ಬೆಳೆಸಿ, ನಾಲ್ಕು ಕ್ರೋಟನ್ ಕುಂಡ ಇಟ್ಟರೆ "ಸುಶೋಭೀಕರಣ" ಮುಗಿಯಿತೆಂದು ತಿಳಿಯಲಾಗುತ್ತದೆ.

ಇದು ಸರಿಯೆ? ಮನೆ ಯಾವ ಕಾಲದ್ದೋ ಅದರ ಅಂಗಳವೂ ಆ ಕಾಲಕ್ಕೆ ಒಪ್ಪುವಂತೆ ಇರಬೇಡವೆ? ಒಪ್ಪುವದೆಂದರೇನು, ಅದನ್ನು ಗುರುತಿಸುವ ಬಗೆ ಹೇಗೆ? ಈ ಪ್ರಶ್ನೆಗಳನ್ನು ನಮ್ಮ ಸೀಮೆಯ ಆಧಾರಗಳಿಂದಲೇ ಬಿಡಿಸಿ ನೋಡುವದು ಈ ಲೇಖನದ ಉದ್ದೇಶ. ಮನೆಯ ಸುತ್ತಲಿನ ನೆಲವೂ ಒಂದು ಶಾಸನ. ಅದನ್ನು ಓದುವ ಮೊದಲು ಅಳಿಸಬಾರದು. ನಾವು ಹೇಳಬೇಕೆಂದಿರುವದು ಇಷ್ಟೇ.

೨. ಶಾಸನಗಳಲ್ಲಿ ಮನೆ ಮತ್ತು ಹೂದೋಟ

ಕೊಲ್ಹಾಪುರ ಸೀಮೆಯು ಶಿಲಾಹಾರರ ಆಳಿಕೆಯಲ್ಲಿದ್ದ ಕಾಲದ ಶಾಸನಗಳಲ್ಲಿ ಅನೇಕವು ಕನ್ನಡ ಭಾಷೆಯವು. ಸಂಸ್ಕೃತದವುಗಳಲ್ಲಿಯೂ ಕೆಲವು ಹಳೆಗನ್ನಡ ಲಿಪಿಯಲ್ಲಿವೆ. ರಾಜಾರಾಮ ಕಾಲೇಜಿನಲ್ಲಿ ಕನ್ನಡದ ಪ್ರಾಧ್ಯಾಪಕರಾಗಿದ್ದ ಕೆ. ಜಿ. ಕುಂದಣಗಾರ ಅವರು ಉತ್ತರ ಕರ್ನಾಟಕ ಮತ್ತು ಕೊಲ್ಹಾಪುರ ಸಂಸ್ಥಾನದ ಶಾಸನಗಳನ್ನು ಕಲೆಹಾಕಿ ೧೯೩೯ರಲ್ಲಿ ಪ್ರಕಟಿಸಿದ್ದನ್ನು ಈ ಭಾಗದ ಶಿಕ್ಷಕರು ಕೃತಜ್ಞತೆಯಿಂದ ನೆನೆಯುತ್ತಾರೆ.

ಕಾಗಲದ ಹತ್ತಿರದ ಬಾಮಣಿ ಗ್ರಾಮದಲ್ಲಿ ದೊರೆತ ಶಿಲಾಹಾರ ವಿಜಯಾದಿತ್ಯನ ಶಾಸನವೊಂದು ನಮ್ಮ ವಿಷಯಕ್ಕೆ ಬಹಳ ಉಪಯುಕ್ತವಾಗಿದೆ. ಶಕ ೧೦೭೩, ಅಂದರೆ ಕ್ರಿ. ಶ. ೧೧೫೦ರ ಈ ಶಾಸನವು ಒಂದು ಬಸದಿಗೆ ಕೊಟ್ಟ ದಾನವನ್ನು ಹೇಳುತ್ತದೆ. ಕೂಂಡಿ ನಾಡಿನ ಕೋಲಿನಿಂದ ಅಳೆದ ಒಂದು ತುಂಡು ಹೊಲ, ಮೂವತ್ತು ಸ್ತಂಭ ಅಳತೆಯ ಒಂದು ಹೂದೋಟ, ಹನ್ನೆರಡು ಕೈ ಅಳತೆಯ ಒಂದು ವಾಸದ ಮನೆ, ಇವು ಮೂರೂ ಒಂದೇ ದಾನದಲ್ಲಿ ಒಟ್ಟಿಗೆ ಬರುತ್ತವೆ. ಕೂಂಡಿಯೆಂದರೆ ಸವದತ್ತಿಯ ರಟ್ಟರು ಆಳಿದ ನಾಡು, ಇಂದಿನ ಬೆಳಗಾವಿ ಸೀಮೆ. ಆ ಕಾಲದಲ್ಲಿ ಕಾಗಲದ ನೆಲವನ್ನು ಬೆಳಗಾವಿಯ ಕೋಲು ಅಳೆಯುತ್ತಿತ್ತು. ಮನೆ ಕೊಟ್ಟವರು ಹೂದೋಟವನ್ನೂ ಅಳೆದು ಕೊಟ್ಟರು ಎಂಬುದು ಇಲ್ಲಿ ಗಮನಿಸಬೇಕಾದ ಮಾತು. ಹೂದೋಟವು ಅಲಂಕಾರದ ವಸ್ತುವಾಗಿರಲಿಲ್ಲ; ನಿತ್ಯ ಪೂಜೆಗೆ ಹೂ ಒದಗಿಸುವ ಆಸ್ತಿಯಾಗಿತ್ತು.

ಇದೇ ಶಿಲಾಹಾರ ಮನೆತನದ ಗಂಡರಾದಿತ್ಯನು ಮಿರಜ ಸೀಮೆಯ ಇರುಕುಡಿಯಲ್ಲಿ ಗಂಡಸಮುದ್ರವೆಂಬ ಕೆರೆಯನ್ನು ಕಟ್ಟಿಸಿ, ಅದರ ದಂಡೆಯಲ್ಲಿ ಶಿವ, ಬುದ್ಧ, ಜಿನ ಮೂವರಿಗೂ ಗುಡಿ ಮಾಡಿಸಿದನು. ಗಿಡಮರಗಳ ಶಾಸ್ತ್ರವೂ ಆಗ ನಮ್ಮವರಿಗೆ ಅಪರಿಚಿತವಾಗಿರಲಿಲ್ಲ. ಕ್ರಿ. ಶ. ೧೦೨೫ರ ಸುಮಾರಿಗೆ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ಲೋಕೋಪಕಾರದಲ್ಲಿ ನೆಲದೊಳಗಿನ ನೀರನ್ನು ಕಂಡುಹಿಡಿಯುವ ವಿಚಾರವೂ ವೃಕ್ಷಾಯುರ್ವೇದವೂ ಇವೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಅರಸರ ಉದ್ಯಾನ, ವನಕ್ರೀಡೆಗಳ ವರ್ಣನೆಯಿದೆ. ಆದ್ದರಿಂದ ನಮ್ಮ ಹಿರಿಯರಿಗೆ ತೋಟದ ಅಭಿರುಚಿ ಇರಲಿಲ್ಲ, ಅದು ಆಂಗ್ಲರಿಂದ ಬಂತು ಎಂಬ ಮಾತಿಗೆ ಆಧಾರವಿಲ್ಲ. ಅಭಿರುಚಿ ಇತ್ತು; ಅದರ ರೂಪ ಬೇರೆಯಾಗಿತ್ತು.

೩. ಆಜ್ಞಾಪತ್ರದ ಸಾಕ್ಷಿ

ಶಿಲಾಹಾರರಿಂದ ಮರಾಠರ ಕಾಲಕ್ಕೆ ಬಂದರೆ ಇನ್ನೂ ಸ್ಪಷ್ಟವಾದ ಆಧಾರ ಸಿಗುತ್ತದೆ. ರಾಮಚಂದ್ರಪಂತ ಅಮಾತ್ಯರು ಕೊಲ್ಹಾಪುರದ ಸಂಭಾಜಿ ಛತ್ರಪತಿಗಳ ಕಾಲದಲ್ಲಿ, ೧೭೧೫ರಲ್ಲಿ, ಬರೆದ ಆಜ್ಞಾಪತ್ರವು ರಾಜನೀತಿಯ ಗ್ರಂಥವೆಂದೇ ಪ್ರಸಿದ್ಧ. ಅದರಲ್ಲಿ ಗಿಡಮರಗಳ ಬಗೆಗೆ ಎರಡು ಮುಖ್ಯ ವಿಚಾರಗಳಿವೆ.

ಗಡದ ಮೇಲೆ ಇದ್ದ ಮರಗಳನ್ನು ಕಾಯಬೇಕು. ಮಾವು, ಹಲಸು, ಹುಣಸೆ, ಆಲ, ಅರಳಿಗಳಂಥ ದೊಡ್ಡ ಮರಗಳನ್ನೂ ನಿಂಬೆ, ನಾರಂಗಿಗಳಂಥ ಸಣ್ಣವುಗಳನ್ನೂ ಹೂವಿನ ಗಿಡಬಳ್ಳಿಗಳನ್ನೂ ನೆಟ್ಟು ಬೆಳೆಸಬೇಕು. ಸಮಯ ಬಂದಾಗ ಅವುಗಳ ಕಟ್ಟಿಗೆಯಾದರೂ ಉಪಯೋಗಕ್ಕೆ ಬರುವದು ಎಂಬುದು ಮೊದಲನೆಯದು. ಹಡಗುಗಳಿಗೆ ಮರ ಬೇಕೆಂದು ರೈತರ ಮಾವು ಹಲಸುಗಳಿಗೆ ಕೈಹಾಕಬಾರದು, ಏಕೆಂದರೆ ರೈತರು ಅವುಗಳನ್ನು ಮಕ್ಕಳಂತೆ ಬಹುಕಾಲ ಸಾಕಿರುತ್ತಾರೆ; ತೀರ ಮುದಿಯಾದ ಮರವನ್ನು ಕಡಿಯಬೇಕಾದರೂ ಒಡೆಯನನ್ನು ಒಪ್ಪಿಸಿ, ಹಣ ಕೊಟ್ಟು, ಅವನ ಸಂತೋಷದಿಂದ ಕಡಿಯಬೇಕು ಎಂಬುದು ಎರಡನೆಯದು.

ಸುಮಾರು ಮುನ್ನೂರು ವರ್ಷಗಳ ಹಿಂದೆ ಈ ಸೀಮೆಯಲ್ಲಿ ಯಾವ ಗಿಡಗಳು ವಸತಿಯ ಸುತ್ತ ಸಲ್ಲುತ್ತಿದ್ದವು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಟ್ಟಿ ಬೇಡ. ಹಣ್ಣು, ನೆರಳು, ಹೂ, ಕಟ್ಟಿಗೆ ಈ ನಾಲ್ಕು ಪ್ರಯೋಜನಗಳಲ್ಲಿ ಒಂದಾದರೂ ಇಲ್ಲದ ಗಿಡಕ್ಕೆ ಸುಲಭವಾಗಿ ಸ್ಥಾನ ದೊರೆಯುತ್ತಿರಲಿಲ್ಲ. ಪನ್ಹಾಳಗಡವು ೨೦೨೫ರಲ್ಲಿ ಮರಾಠಾ ಸೈನಿಕ ಭೂದೃಶ್ಯಗಳ ಹನ್ನೆರಡು ಕೋಟೆಗಳಲ್ಲಿ ಒಂದಾಗಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದೆ. ಅಲ್ಲಿ ಮುಂದೆ ಗಿಡ ನೆಡುವವರು ಯಾವ ನರ್ಸರಿಯಲ್ಲಿ ಯಾವ ಸಸಿ ಅಗ್ಗ ಎಂದು ವಿಚಾರಿಸುವ ಮೊದಲು ಅಮಾತ್ಯರ ಈ ಪಟ್ಟಿಯನ್ನು ನೋಡುವದು ಒಳ್ಳೆಯದು.

೪. ಗಡಹಿಂಗ್ಲಜ ಸೀಮೆಯ ವಾಡೆ

ಕೋಟೆಯಿಂದ ಮನೆಗೆ ಬರೋಣ. ಹಿರಣ್ಯಕೇಶಿಯ ದಂಡೆಯ ಗಡಹಿಂಗ್ಲಜ ತಾಲೂಕಿನಲ್ಲಿ ಕನ್ನಡ ಮರಾಠಿ ಎರಡೂ ಒಂದೇ ಅಂಗಳದಲ್ಲಿ ಕೇಳಿಬರುವ ಮಾತುಗಳು. ಇಲ್ಲಿಯ ವಾಡೆಯ ರಚನೆಯು ಸಂಕೇಶ್ವರ ಹುಕ್ಕೇರಿಗಳ ವಾಡೆಗಿಂತ ಬಹಳ ಬೇರೆಯಲ್ಲ. ದೊಡ್ಡ ಬಾಗಿಲು, ಅದರೊಳಗೆ ಕಾವಲಿನವರ ದೇವಡಿ, ಆಮೇಲೆ ಅಂಗಳ, ಪಡಸಾಲೆ, ನಡುವಿನ ಚೌಕ, ಅಡಿಗೆಮನೆ, ಹಿಂದೆ ಹಿತ್ತಲು.

ಈ ಪ್ರತಿಯೊಂದು ಜಾಗದ ನೆಲಕ್ಕೂ ಅದರದೇ ಧರ್ಮವಿದೆ. ಮುಂದಿನ ಅಂಗಳವು ಬಯಲಾಗಿರುತ್ತಿತ್ತು. ಸೆಗಣಿಯಿಂದ ಸಾರಿಸಿ ಗಟ್ಟಿಮಾಡಿದ ಆ ನೆಲದ ಮೇಲೆ ರಂಗೋಲಿ ಬೀಳಬೇಕು, ಜೋಳ ಹರವಬೇಕು, ಮೆಣಸಿನಕಾಯಿ ಒಣಗಬೇಕು, ಗಾಡಿ ತಿರುಗಬೇಕು, ಮದುವೆಯ ಹಂದರ ಏಳಬೇಕು. ಬೇವಿನದೋ ಅರಳಿಯದೋ ಒಂದು ಕಟ್ಟೆ ಮಾತ್ರ ಬದಿಗೆ. ಅದು ನ್ಯಾಯ ಪಂಚಾಯತಿಯ ಜಾಗ. ನಡುವಿನ ಚೌಕಕ್ಕೆ ಕಲ್ಲುಹಾಸು. ಅಲ್ಲಿ ತುಳಸಿಯ ವೃಂದಾವನವೊಂದೇ ಹಸುರು. ಮಳೆಯ ನೀರು ಚೌಕದಲ್ಲಿ ಬಿದ್ದು ಕಲ್ಲಿನ ಮೋರಿಯಿಂದ ಹೊರಗೆ ಹೋಗಬೇಕಾದ್ದರಿಂದ ಅಲ್ಲಿ ಬೇರೆ ಗಿಡಕ್ಕೆ ಎಡೆಯಿಲ್ಲ.

ಹಿತ್ತಲೇ ನಿಜವಾದ ತೋಟ. ಬಾವಿ, ಅದರ ಬದಿಗೆ ಕಲ್ಲಿನ ಡೋಣಿ, ಬಚ್ಚಲ ನೀರು ಹರಿದು ಹೋಗುವ ಕಡೆ ಬಾಳೆ ಮತ್ತು ಕೆಸು, ಗೋಡೆಯಿಂದ ದೂರಕ್ಕೆ ನುಗ್ಗೆ, ಕರಿಬೇವು, ನಿಂಬೆ, ಪೂಜೆಗೆ ಮಲ್ಲಿಗೆ, ದಾಸವಾಳ, ಕಣಗಿಲೆ, ನಂದಿಬಟ್ಟಲು, ಪಾರಿಜಾತ, ಮೂಲೆಯಲ್ಲಿ ಬಿಲ್ವ. ಅದರಾಚೆ ಬಣವೆ, ತಿಪ್ಪೆ, ದನದ ಕೊಟ್ಟಿಗೆ. ಊರ ಹೊರಗಿನ ತೋಟದಲ್ಲಿ ಕಪಿಲೆಯ ಬಾವಿ, ಮಾವಿನ ಮರಗಳು. ಒಂದು ಹನಿ ನೀರೂ ವ್ಯರ್ಥವಾಗದಂತೆ ಗಿಡಗಳ ಸ್ಥಾನ ನಿಶ್ಚಯವಾಗಿತ್ತು. ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತಿತ್ತು ಎಂದು ತಿಳಿದರೆ ಹಿತ್ತಲ ನಕಾಶೆಯೇ ತಿಳಿದಂತೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕಾಗಿದೆ. ಹಳೆಯ ವಾಡೆಯ ಮುಂಭಾಗವನ್ನು ಹಸುರು ಮಾಡುವದೇ ಅದಕ್ಕೆ ಶೋಭೆ ತರುವದೆಂಬ ಕಲ್ಪನೆ ಹೊಸದು. ಸಾರಿಸಿದ ಬಯಲೇ ಆ ಮನೆಯ ಕಾಲಕ್ಕೆ ಒಪ್ಪುವ ಅಂಗಳ. ಕಾರಹುಣ್ಣಿಮೆಯ ದಿನ ಕರಿ ಹರಿಯುವ ಎತ್ತುಗಳಿಗೆ ಓಡಲು ಬಯಲು ಬೇಕು. ಕೊಲ್ಹಾಪುರ ಜಿಲ್ಲೆಯ ಜನರು ಈ ಹಬ್ಬವನ್ನು "ಕರ್ನಾಟಕಿ ಬೇಂದೂರ" ಎಂದು ಕರೆಯುವದೂ, ಇಚಲಕರಂಜಿಯಲ್ಲಿ ಅದು ವೈಭವದಿಂದ ನಡೆಯುವದೂ ಎಲ್ಲರಿಗೂ ತಿಳಿದದ್ದೇ. ಹಬ್ಬದ ಹೆಸರು ಗಡಿಯ ಎರಡೂ ಕಡೆಯ ನಂಟನ್ನು ಹೇಳಿದರೆ, ಹಬ್ಬದ ಬಯಲು ಆ ನಂಟಿಗೆ ನೆಲ ಕೊಟ್ಟಿದೆ.

೫. ಯಾವ ಗಿಡ ಯಾವ ಕಾಲದ್ದು

ಕಾಲಕ್ಕೆ ಒಪ್ಪುವ ಗಿಡ ನೆಡಬೇಕೆಂದರೆ ಗಿಡಗಳ ಚರಿತ್ರೆ ಗೊತ್ತಿರಬೇಕು. ಹಳೆಯವೆಂದು ನಾವು ತಿಳಿದ ಅನೇಕ ಗಿಡಗಳು ದೂರ ದೇಶದಿಂದ ಬಂದವುಗಳು. ೧೫೧೦ರಲ್ಲಿ ಪೋರ್ತುಗೀಜರು ಗೋವೆಯಲ್ಲಿ ನೆಲೆನಿಂತ ಮೇಲೆ ಅಮೇರಿಕಾ ಖಂಡದ ಗಿಡಗಳು ಪಶ್ಚಿಮ ಕರಾವಳಿಯಿಂದ ಘಟ್ಟವನ್ನೇರಿ ಬಂದವು. ಪೇರಲ, ಪಪಾಯಿ, ಸೀತಾಫಲ ಮೂಲತಃ ಆ ಖಂಡದವು. ಚೆಂಡುಹೂ, ಸುಗಂಧರಾಜ ಮೆಕ್ಸಿಕೋ ದೇಶದವು. ಗುಡಿಗಳ ಮುಂದೆ ಕಾಣುವ ದೇವಗಣಗಿಲೆ, ಮರಾಠಿಯವರ ಬಿಳಿ ಚಾಫೆ, ಅದೂ ಅಲ್ಲಿಯದೇ. ಇಷ್ಟೇಕೆ, ಸಂಕೇಶ್ವರ ಗಡಹಿಂಗ್ಲಜಗಳ ಕೀರ್ತಿಯನ್ನು ದೂರ ಒಯ್ದ ಮೆಣಸಿನಕಾಯಿಯ ತವರೂ ಅಮೇರಿಕವೇ. ಬಾಮಣಿ ಶಾಸನದ ಹೂದೋಟದಲ್ಲಿ ಚೆಂಡುಹೂ ಇದ್ದಿರಲಾರದು. ಪೇಶವೆಯರ ಕಾಲದ ವಾಡೆಯ ಹಿತ್ತಲಲ್ಲಿ ಇದ್ದಿರಬಹುದು.

ಮೂರನೆಯ ಅಲೆ ಆಂಗ್ಲರ ಕಾಲದ್ದು. ಬೇಸಗೆಯಲ್ಲಿ ಕೆಂಡದಂತೆ ಹೂಬಿಡುವ ಗುಲ್‌ಮೊಹರವು ಮಡಗಾಸ್ಕರ ದ್ವೀಪದ ಮರ. ನಮ್ಮಲ್ಲಿಗೆ ಬಂದದ್ದು ೧೯ನೆಯ ಶತಮಾನದಲ್ಲಿ. ಹಳೆಯ ರಸ್ತೆಗಳ ಬದಿಯ ಮಳೆಮರವು ದಕ್ಷಿಣ ಅಮೇರಿಕದ್ದು, ಅದೂ ಅದೇ ಶತಮಾನದ ಅತಿಥಿ. ಕಾಗದದ ಹೂವೆಂದು ಕರೆಯುವ ಬೋಗನವಿಲ್ಲಾ ಬ್ರಾಜಿಲ್ ದೇಶದ್ದು. ೧೭೬೬ರಿಂದ ೧೭೬೯ರವರೆಗೆ ಭೂಪ್ರದಕ್ಷಿಣೆ ಮಾಡಿದ ಫ್ರೆಂಚ್ ನಾವಿಕ ಬೂಗನ್‌ವಿಲ್‌ನ ಹೆಸರು ಅದಕ್ಕೆ ಬಂದಿದೆ. ಸಿಲ್ವರ್ ಓಕ್ ಆಸ್ಟ್ರೇಲಿಯದ್ದು. ನುಣ್ಣಗೆ ಕತ್ತರಿಸಿದ ಹುಲ್ಲುಹಾಸು ಎಲ್ಲ ಮನೆಗಳಿಗೂ ಸಾಧ್ಯವಾದದ್ದು ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ೧೮೩೦ರಲ್ಲಿ ಹುಲ್ಲು ಕತ್ತರಿಸುವ ಯಂತ್ರವನ್ನು ಕಂಡುಹಿಡಿದ ಮೇಲೆ. ನಮ್ಮ ಗರಿಕೆ ಈ ನೆಲದ್ದೇ ಆದರೂ ಅದನ್ನು ಗಣಪತಿಗೆ ಏರಿಸುತ್ತಿದ್ದೆವೇ ಹೊರತು ಮನೆಯ ಮುಂದೆ ಹಾಸುತ್ತಿರಲಿಲ್ಲ. ಇನ್ನು ಪಾಳುಬಿದ್ದ ವಾಡೆಗಳ ತುಂಬ ಹಬ್ಬಿರುವ ಕಾಂಗ್ರೆಸ್ ಕಸವಂತೂ ೧೯೫೦ರ ದಶಕದ ನಡುಭಾಗದಲ್ಲಿ ಪುಣೆಯಲ್ಲಿ ಮೊದಲಿಗೆ ಜನರ ಕಣ್ಣಿಗೆ ಬಿದ್ದದ್ದು.

ಪರದೇಶದ ಗಿಡವೆಂಬ ಒಂದೇ ಕಾರಣದಿಂದ ಯಾವುದನ್ನೂ ಕೀಳಬೇಕಿಲ್ಲ. ಮೆಣಸಿನಕಾಯಿಯನ್ನು ಬಿಟ್ಟು ನಮ್ಮ ಅಡಿಗೆ ಉಂಟೆ? ಗಿಡ ಎಲ್ಲಿಯದು ಎಂಬುದಕ್ಕಿಂತ, ಈ ಮನೆಯ ಬಾಳಿನಲ್ಲಿ ಅದು ಯಾವಾಗ ಸೇರಿತು ಎಂಬುದು ಮುಖ್ಯ ಪ್ರಶ್ನೆ.

೬. ಕೊಲ್ಹಾಪುರದ ಅರಮನೆಗಳು

ಈ ಪ್ರಶ್ನೆಯನ್ನು ಕೊಲ್ಹಾಪುರ ನಗರದಲ್ಲಿ ಹಿಡಿದು ನೋಡಿದರೆ ಉತ್ತರ ಬೇರೆಯಾಗುತ್ತದೆ. ಮಹಾಲಕ್ಷ್ಮಿಯ ಗುಡಿಗೆ ಹತ್ತಿರದ ಜೂನಾ ರಾಜವಾಡೆಯು ನಗಾರಖಾನೆ, ಭವಾನಿಯ ಗುಡಿ, ಕಲ್ಲುಹಾಸಿನ ಚೌಕಗಳ ಹಳೆಯ ಪದ್ಧತಿಯದು. ಅಲ್ಲಿ ಹುಲ್ಲುಹಾಸಿಗೆ ಸ್ಥಳವಿಲ್ಲ. ಆದರೆ ಕಪ್ಪು ಕಲ್ಲಿನ ಹೊಸ ಅರಮನೆಯ ಮಾತು ಬೇರೆ. ಅದು ೧೮೭೭ರಿಂದ ೧೮೮೪ರ ಅವಧಿಯಲ್ಲಿ ಕಟ್ಟಿದ್ದು. ನಕಾಶೆ ಮೇಜರ್ ಚಾರ್ಲ್ಸ್ ಮ್ಯಾಂಟ್ ಅವರದು. ದೇಶೀ ಕಮಾನು ಗುಮ್ಮಟಗಳನ್ನೂ ಯುರೋಪಿನ ಗಡಿಯಾರದ ಗೋಪುರವನ್ನೂ ಒಂದುಗೂಡಿಸಿದ ಆ ಕಟ್ಟಡವನ್ನು ದೂರದಿಂದ ಇಡಿಯಾಗಿ ನೋಡಬೇಕೆಂದೇ ವಿಶಾಲವಾದ ಆವರಣದ ನಡುವೆ ನಿಲ್ಲಿಸಲಾಗಿದೆ. ಮ್ಯಾಂಟ್ ಅವರೇ ನಕಾಶೆ ಮಾಡಿದ ಬಡೋದೆಯ ಲಕ್ಷ್ಮೀವಿಲಾಸ ಅರಮನೆಯ ಉದ್ಯಾನವನ್ನು ಇಂಗ್ಲೆಂಡಿನ ಕ್ಯೂ ತೋಟದಲ್ಲಿ ಪಳಗಿದ ವಿಲಿಯಂ ಗೋಲ್ಡ್‌ರಿಂಗ್ ರೂಪಿಸಿದರು. ಇಂಥ ಅರಮನೆಗೆ ಹುಲ್ಲಿನ ಹರವು, ಬಾಗಿದ ದಾರಿ, ಕಾರಂಜಿ, ಬಿಡಿಬಿಡಿಯಾಗಿ ನಿಂತ ದೊಡ್ಡ ಮರಗಳು ಇವೇ ಕಾಲೋಚಿತ. ಅಲ್ಲಿಯ ೧೯ನೆಯ ಶತಮಾನದ ಮಳೆಮರವನ್ನು "ಪರದೇಶಿ" ಎಂದು ಕಡಿದು ಬೇವು ನೆಟ್ಟರೆ ಅದು ದೇಶಾಭಿಮಾನವಾಗಲಾರದು, ಇತಿಹಾಸದ ಅಜ್ಞಾನವಾದೀತು.

ರಂಕಾಳೆಯ ದಂಡೆಯ ಶಾಲಿನಿ ಪ್ಯಾಲೇಸು ಇನ್ನೂ ಈಚಿನದು. ೧೯೩೧ರಿಂದ ೧೯೩೪ರಲ್ಲಿ ಕಟ್ಟಿದ್ದು, ೧೯೮೭ರಲ್ಲಿ ಹೋಟೆಲಾಗಿ ಮಾರ್ಪಟ್ಟಿತು. ಅದರ ಸುತ್ತಲಿನ ತಾಳೆಯ ಜಾತಿಯ ಮರಗಳು ಆ ಕಾಲದ ಶ್ರೀಮಂತರ ಅಭಿರುಚಿಯ ಗುರುತು. ಕಸಬಾ ಬಾವಡೆಯ ಲಕ್ಷ್ಮೀವಿಲಾಸ ಅರಮನೆಯಾದರೋ ೧೮೭೪ರಲ್ಲಿ ಶಾಹೂ ಮಹಾರಾಜರು ಜನಿಸಿದ ಸ್ಥಳ. ಸಾಮಾನ್ಯ ಜನರ ಏಳಿಗೆಗಾಗಿ ದುಡಿದ ಅರಸರ ಜನ್ಮಸ್ಥಾನದ ಆವರಣದಲ್ಲಿ ಎಂಥ ಗಿಡ, ಎಂಥ ನೆಲ ಇರಬೇಕೆಂಬುದನ್ನು ಅವರ ಕಾಲದ ಛಾಯಾಚಿತ್ರಗಳನ್ನು ನೋಡಿ ನಿರ್ಣಯಿಸುವದು ಯೋಗ್ಯ. ಮದುವೆ ಮಂಟಪಗಳ ಮಾದರಿಯನ್ನು ನೋಡಿ ಅಲ್ಲ. ಒಂದೇ ಊರಿನ ನಾಲ್ಕು ಅರಮನೆಗಳಿಗೆ ನಾಲ್ಕು ಬಗೆಯ ಅಂಗಳ ಸಲ್ಲುತ್ತದೆ ಎಂಬುದೇ ಇಲ್ಲಿಯ ಪಾಠ.

೭. ಇಚಲಕರಂಜಿಯ ರಾಜವಾಡೆ

ಇಚಲಕರಂಜಿಯ ಘೋರ್ಪಡೆ ಜಹಗೀರದಾರರ ರಾಜವಾಡೆಯು ಇನ್ನೊಂದು ಬಗೆಯ ಸಮಸ್ಯೆಯನ್ನು ಮುಂದಿಡುತ್ತದೆ. ೧೮೯೨ರಿಂದ ೧೯೪೩ರವರೆಗೆ ಅಧಿಕಾರ ನಡೆಯಿಸಿದ ನಾರಾಯಣರಾವ ಬಾಬಾಸಾಹೇಬರು ವಿದ್ಯೆ ಸಂಗೀತಗಳಿಗೆ ಆಶ್ರಯ ಕೊಟ್ಟವರು. ಗಾಯನಾಚಾರ್ಯ ಬಾಲಕೃಷ್ಣಬುವಾ ಅವರ ಹೆಸರಿಗೆ ಇಚಲಕರಂಜೀಕರ ಎಂಬುದು ಸೇರಿದ್ದು ಈ ದರಬಾರದ ನಂಟಿನಿಂದಲೇ. ಬಾಬಾಸಾಹೇಬರು ೧೯೧೩ರಲ್ಲಿ ಯುರೋಪಿನ ಪ್ರವಾಸ ಮಾಡಿ ಆಂಗ್ಲರ ಜೀವನದ ಬಗೆಗೆ ಇಂಗ್ಲಿಷಿನಲ್ಲಿ ಪುಸ್ತಕವನ್ನೂ ಬರೆದರು. ೧೯೦೪ರಲ್ಲಿ ವಿಠ್ಠಲರಾವ ದಾತಾರರು ಇಲ್ಲಿ ಮೊದಲ ಯಂತ್ರಮಗ್ಗವನ್ನು ಹೂಡಿದರು. ಊರು ನೇಕಾರಿಕೆಯ ದೊಡ್ಡ ಕೇಂದ್ರವಾಗಿ ಬೆಳೆಯಿತು. ೧೯೮೨ರಲ್ಲಿ ಸ್ಥಾಪಿತವಾದ ಡಿ. ಕೆ. ಟಿ. ಇ. ಸಂಸ್ಥೆಯ ಜವಳಿ ಮತ್ತು ಇಂಜಿನಿಯರಿಂಗ್ ಕಾಲೇಜು ಈಗ ರಾಜವಾಡೆಯ ಆವರಣದಲ್ಲಿಯೇ ನಡೆಯುತ್ತಿದೆ.

ಇಲ್ಲಿ ಯಾವ ಕಾಲಕ್ಕೆ ಅಂಗಳವನ್ನು ಒಪ್ಪಿಸಬೇಕು? ಜಹಗೀರಿಯ ಆರಂಭಕ್ಕೋ, ಬಾಬಾಸಾಹೇಬರ ಕಾಲಕ್ಕೋ, ಕಾಲೇಜಿನ ಕಾಲಕ್ಕೋ? ಒಂದು ಕಾಲವನ್ನು ಆರಿಸಿಕೊಂಡು ಉಳಿದವುಗಳನ್ನು ಅಳಿಸುವದು ಅನ್ಯಾಯವಾಗುತ್ತದೆ. ವಿದ್ಯಾರ್ಥಿಗಳು ನಡೆದಾಡುವ ಕಾಲೇಜಿಗೆ ನೆರಳು ಬೇಕು, ವಾಹನಗಳಿಗೆ ಜಾಗವೂ ಬೇಕು. ಆದ್ದರಿಂದ ಇಂಥ ಕಡೆ ಪ್ರತಿಯೊಂದು ಕಾಲದ ಗುರುತು ಎಲ್ಲಿ ಉಳಿದಿದೆಯೋ ಅಲ್ಲಿಯೇ ಅದನ್ನು ಉಳಿಸಿ, ಹೊಸದಾಗಿ ನೆಡುವಲ್ಲಿ ಈ ನೆಲದ ಮರಗಳಿಗೆ ಪ್ರಾಶಸ್ತ್ಯ ಕೊಡುವದು ಸರಿಯಾದ ಮಾರ್ಗ. ಊರ ಹೆಸರಿನಲ್ಲಿಯೇ ಕರಂಜಿ ಎಂಬ ಮಾತು ಕೇಳಿಸುತ್ತದೆ. ಮರಾಠಿಯಲ್ಲಿ ಕರಂಜವೆಂದರೆ ನಮ್ಮ ಹೊಂಗೆ. ಹೆಸರಿನ ವ್ಯುತ್ಪತ್ತಿ ಏನೇ ಇರಲಿ, ಬಿಸಿಲಿಗೆ ತಂಪಾದ ನೆರಳು ಕೊಡುವ, ಹೆಚ್ಚು ನೀರು ಬೇಡದ ಹೊಂಗೆ ಬೇವುಗಳು ಅಲ್ಲಿ ಎಂದಿಗೂ ಪರಕೀಯವೆನಿಸಲಾರವು.

೮. ಹೊರ ದೇಶಗಳ ಅನುಭವ

ಈ ಸಮಸ್ಯೆ ನಮ್ಮೊಬ್ಬರದಲ್ಲ. ಇಟಲಿಯ ಪೊಂಪೆಯಿ ಪಟ್ಟಣವು ಕ್ರಿ. ಶ. ೭೯ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಮುಚ್ಚಿಹೋಯಿತು. ಗಿಡಗಳ ಬೇರುಗಳು ಕೊಳೆತು ನೆಲದಲ್ಲಿ ಪೊಳ್ಳುಗಳು ಉಳಿದಿದ್ದವು. ವಿಲ್ಹೆಲ್ಮಿನಾ ಜಾಶೆಮ್ಸ್ಕಿ ಎಂಬ ವಿದುಷಿಯು ಕಳೆದ ಶತಮಾನದಲ್ಲಿ ಆ ಪೊಳ್ಳುಗಳಲ್ಲಿ ಸಿಮೆಂಟು ಹೊಯ್ದು, ಬೇರಿನ ಅಚ್ಚು ತೆಗೆದು, ಯಾವ ಅಂಗಳದಲ್ಲಿ ಯಾವ ಗಿಡವಿತ್ತೆಂದು ತೋರಿಸಿದರು. ಎರಡು ಸಾವಿರ ವರ್ಷಗಳ ಹಿಂದಿನ ಹಿತ್ತಲನ್ನು ನೆಲ ನೆನಪಿಟ್ಟುಕೊಂಡಿತ್ತು.

ಇದಕ್ಕೆ ಪ್ರತಿಯಾಗಿ ಅಮೇರಿಕದ ವಿಲಿಯಮ್ಸ್‌ಬರ್ಗ್ ಊರಿನ ಉದಾಹರಣೆಯಿದೆ. ಅಲ್ಲಿಯ ೧೮ನೆಯ ಶತಮಾನದ ಮನೆಗಳನ್ನು ಪುನಃ ಕಟ್ಟುವಾಗ ೧೯೨೮ರಿಂದ ಆರ್ಥರ್ ಶರ್ಕ್ಲಿಫ್ ಎಂಬವರು ಪ್ರತಿ ಮನೆಗೂ ಅಚ್ಚುಕಟ್ಟಾದ ತೋಟ ಮಾಡಿದರು. ನೋಡಲು ಸುಂದರವಾದ ಆ ತೋಟಗಳಲ್ಲಿ ಹಲವು ನಿಜವಾಗಿ ಇದ್ದ ಹಿತ್ತಲುಗಳಿಗಿಂತ ಬಹಳ ಶೃಂಗಾರವಾದವುಗಳೆಂದು ಮುಂದಿನ ಸಂಶೋಧಕರು ಕಂಡರು. ಅಡಿಗೆಯ ಬೂದಿ, ಒಗೆತ, ಕೋಳಿ, ಆಳುಗಳ ದುಡಿಮೆ ಇವುಗಳ ಜಾಗವನ್ನು ಹೂವಿನ ಪಾತಿ ಮುಚ್ಚಿತ್ತು. ನಮ್ಮಲ್ಲಿಯೂ ತಾಜಮಹಲಿನ ಸುತ್ತಲಿನ ಮೊಗಲರ ದಟ್ಟವಾದ ತೋಟವು ಲಾರ್ಡ್ ಕರ್ಜನ್‌ನ ಕಾಲದಲ್ಲಿ ಇಂಗ್ಲಿಷ್ ಹುಲ್ಲುಹಾಸಿನ ರೂಪ ತಾಳಿತು. ಈಗ ನೋಡುವವರು ಅದನ್ನೇ ಶಹಾಜಹಾನನ ತೋಟವೆಂದು ತಿಳಿಯುತ್ತಾರೆ.

ಇಂಥ ತಪ್ಪುಗಳನ್ನು ತಡೆಯಲೆಂದೇ ಸ್ಮಾರಕಗಳ ಅಂತರರಾಷ್ಟ್ರೀಯ ಮಂಡಲಿಯು ೧೯೮೧ರಲ್ಲಿ ಫ್ಲಾರೆನ್ಸ್ ನಗರದಲ್ಲಿ ಒಂದು ಸನದನ್ನು ರೂಪಿಸಿತು. ಐತಿಹಾಸಿಕ ತೋಟವು ಜೀವಂತ ಸ್ಮಾರಕ. ಸಾಕಷ್ಟು ಸಂಶೋಧನೆ ಮಾಡದೆ ಅದನ್ನು ಪುನಃ ರಚಿಸಬಾರದು ಎಂಬುದು ಅದರ ಸಾರ. ಮನೆಯ ದುಡಿಮೆಯ ಗುರುತುಗಳನ್ನು ಮರೆಮಾಡಿ ಕೇವಲ ಹೂ ತೋರಿಸುವ ತೋಟವು ಅರ್ಧ ಸತ್ಯ ಎಂಬುದನ್ನು ನಾವೂ ಕಲಿಯಬೇಕು. ದನಗಾಹಿಗಳು, ನೀರು ಸೇದುವವರು, ಸಾರಿಸುವ ಹೆಂಗಸರು ಇವರ ಹೆಸರು ಯಾವ ದಫ್ತರದಲ್ಲಿಯೂ ಸಿಗುವದು ಅಪರೂಪ. ಬಾವಿಯ ಕಲ್ಲಿನ ಮೇಲೆ ಹಗ್ಗ ಕೊರೆದ ಗೆರೆಗಳು ಅವರ ಕೈಬರಹ.

೯. ಅವ್ಯವಸ್ಥೆಯಿಂದಾಗುವ ಹಾನಿ

ಕಾಲೋಚಿತವಲ್ಲದ ಅಂಗಳದಿಂದ ಅಭಿರುಚಿಗೆ ಮಾತ್ರವೇ ಅಲ್ಲ, ಕಟ್ಟಡಕ್ಕೂ ಹಾನಿಯಿದೆ. ನಮ್ಮ ಸೀಮೆಯ ವಾಡೆಗಳಿಗೆ ಕೆಳಗೆ ಕಪ್ಪು ಕಲ್ಲಿನ ಜೋತೆ, ಮೇಲೆ ಬಹುಮಟ್ಟಿಗೆ ಮಣ್ಣಿನ ಗೋಡೆ. ಹುಲ್ಲುಹಾಸಿಗೆ ದಿನವೂ ನೀರುಣಿಸಿದರೆ ಆ ತೇವವು ಗೋಡೆಗೆ ಏರುತ್ತದೆ, ಮಣ್ಣು ಸಡಿಲಾಗುತ್ತದೆ, ಗೆದ್ದಲು ಕಂಬಕ್ಕೆ ಬರುತ್ತದೆ. ಸಿಮೆಂಟಿನ ಬಿಲ್ಲೆಗಳಿಂದ ನೆಲ ಮುಚ್ಚಿದರೆ ಮಳೆಯ ನೀರು ಇಂಗದೆ ಬುನಾದಿಯ ಕಡೆಗೇ ಹರಿಯುತ್ತದೆ. ಗೋಡೆಯ ಸಂದಿನಲ್ಲಿ ಹುಟ್ಟಿದ ಅರಳಿಯ ಸಸಿಯನ್ನು ಭಕ್ತಿಯಿಂದ ಬಿಟ್ಟರೆ ಅದು ಕಲ್ಲನ್ನೇ ಸೀಳುತ್ತದೆ. ಹಳಬರು ಗೋಡೆಗೆ ಹತ್ತಿ ಗಿಡ ನೆಡದೆ, ಅಂಗಳವನ್ನು ಬಯಲಾಗಿ ಇಟ್ಟದ್ದಕ್ಕೆ ಇಂಥ ಕಾರಣಗಳೂ ಇದ್ದವು.

೨೦೧೯ರ ಮತ್ತು ೨೦೨೧ರ ಮಹಾಪೂರಗಳಲ್ಲಿ ಪಂಚಗಂಗೆಯ ನೀರು ಕೊಲ್ಹಾಪುರ ಜಿಲ್ಲೆಯ ಊರುಗಳನ್ನು ಹೊಕ್ಕಾಗ ಮಣ್ಣಿನ ಗೋಡೆಗಳು ಎಷ್ಟು ದುರ್ಬಲವೆಂಬುದು ಎಲ್ಲರಿಗೂ ಮನವರಿಕೆಯಾಯಿತು. ಅಣ್ಣತಮ್ಮಂದಿರ ಪಾಲುಪಟ್ಟಿ, ದುರಸ್ತಿಯ ಖರ್ಚು, ಪಟ್ಟಣದಲ್ಲಿ ನಿವೇಶನದ ಬೆಲೆ ಇವೆಲ್ಲ ಕೂಡಿ ಇನ್ನಷ್ಟು ವಾಡೆಗಳನ್ನು ನೆಲಕ್ಕೆ ತರುತ್ತಿವೆ. ವಾಡೆ ಬಿದ್ದ ಮೇಲೆ ಉಳಿಯುವದೇನು? ತೊಲೆ ಕಂಬಗಳು ಮಾರಾಟವಾಗುತ್ತವೆ, ಕಲ್ಲು ಬೇರೆ ಗೋಡೆಗೆ ಹೋಗುತ್ತದೆ. ಬಾವಿ, ವೃಂದಾವನ, ಕಟ್ಟೆ, ಹುಣಸೆಯ ಮರ ಇವು ಮಾತ್ರ ಇನ್ನೂ ಕೆಲವು ದಿನ ನಿಂತಿರುತ್ತವೆ. ಅಂದರೆ ಮನೆಯ ಕೊನೆಯ ಸಾಕ್ಷಿ ಅದರ ಅಂಗಳವೇ. ಆ ಸಾಕ್ಷಿಯನ್ನು ಕೇಳಿ ಬರೆದುಕೊಳ್ಳುವ ಅವಕಾಶ ನಮ್ಮ ತಲೆಮಾರಿಗೆ ಮಾತ್ರ ಉಳಿದಿದೆ.

೧೦. ಮಾಡಬೇಕಾದದ್ದೇನು

ವಾಡೆಯಲ್ಲಿ ಈಗಲೂ ಸಂಸಾರ ಹೂಡಿರುವವರಿಗೆ ತಿಪ್ಪೆಯನ್ನು ಮರಳಿ ತನ್ನಿರಿ, ನಳದ ನೀರು ಬಿಡಿರಿ ಎಂದು ನಾವು ಹೇಳುತ್ತಿಲ್ಲ. ಬಾಳುವವರ ಅನುಕೂಲವೇ ಮೊದಲು. ಆದರೆ ಹೊಸದನ್ನು ಮಾಡುವ ಮೊದಲು ಹಳೆಯದನ್ನು ಬರೆದಿಡಲು ಹೆಚ್ಚು ಖರ್ಚಿಲ್ಲ. ಶಾಲೆಯ ಮಕ್ಕಳು, ಶಿಕ್ಷಕರು ಕೂಡಿ ಮಾಡಬಹುದಾದ ಕೆಲಸವಿದು.

ಮೊದಲು ಅಂಗಳ ಹಿತ್ತಲುಗಳ ನಕಾಶೆ ಬರೆಯಬೇಕು: ಬಾವಿ, ಡೋಣಿ, ಮೋರಿ, ಕಟ್ಟೆ, ಹಗೆ, ಮರ, ಕಡಿದ ಮರದ ಬೊಡ್ಡೆ ಎಲ್ಲವೂ ಅದರಲ್ಲಿ ಬರಬೇಕು. ನೀರಿನ ಹರಿವನ್ನು ಬಾಣದ ಗುರುತಿನಿಂದ ತೋರಿಸಬೇಕು. ಮನೆಯ ಹಿರಿಯ ಹೆಂಗಸರನ್ನು ಕೇಳಿ, ಯಾವ ಹೂ ಯಾವ ಪೂಜೆಗೆ, ಯಾವ ಸೊಪ್ಪು ಯಾವ ಬೇನೆಗೆ ಎಂದು ಬರೆದುಕೊಳ್ಳಬೇಕು. ಈ ವಿಷಯದಲ್ಲಿ ಗಂಡಸರಿಗಿಂತ ಅವರೇ ಬಲ್ಲವರು. ಹಳೆಯ ಮದುವೆಯ ಛಾಯಾಚಿತ್ರಗಳ ಹಿನ್ನೆಲೆಯನ್ನು ನೋಡಬೇಕು. ಮದುಮಕ್ಕಳ ಹಿಂದೆ ಈಗಿಲ್ಲದ ಗಿಡ ನಿಂತಿರುತ್ತದೆ. ಭೂಮಾಪನದ ನಕಾಶೆ, ಪಾಲುಪಟ್ಟಿಯ ಕಾಗದಗಳಲ್ಲಿ ಮರ ಬಾವಿಗಳ ಉಲ್ಲೇಖ ಸಿಕ್ಕೀತು. ಕೊನೆಗೆ ಪ್ರತಿಯೊಂದು ಜಾಗಕ್ಕೂ ವಸ್ತುವಿಗೂ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಏನೆನ್ನುತ್ತಾರೆಂದು ಎರಡು ಸಾಲಿನಲ್ಲಿ ಬರೆಯಬೇಕು. ಗಡಿಸೀಮೆಯ ಶಬ್ದಕೋಶಕ್ಕೆ ಇದಕ್ಕಿಂತ ಜೀವಂತವಾದ ಸಾಮಗ್ರಿ ಬೇರೊಂದಿಲ್ಲ.

ಅಗೆಯುವ ಕೆಲಸವನ್ನು ಮಾತ್ರ ತಜ್ಞರಿಗೆ ಬಿಡಬೇಕು. ೧೯೪೫-೪೬ರಲ್ಲಿ ಕೊಲ್ಹಾಪುರದ ಬ್ರಹ್ಮಪುರಿ ದಿಬ್ಬವನ್ನು ಶಾಸ್ತ್ರೀಯವಾಗಿ ಅಗೆದು ಸಾತವಾಹನರ ಕಾಲದ ವಸತಿಯ ಅವಶೇಷಗಳನ್ನು ಹೊರತೆಗೆದವರು ಸಾಂಕಳಿಯಾ ಮತ್ತು ದೀಕ್ಷಿತ ಎಂಬ ವಿದ್ವಾಂಸರು. ಅಲ್ಲಿ ಸಿಕ್ಕ ವಸ್ತುಗಳು ಟೌನ್ ಹಾಲಿನ ಸಂಗ್ರಹಾಲಯದಲ್ಲಿವೆ. ಯಂತ್ರದಿಂದ ಒಂದೇ ದಿನದಲ್ಲಿ ನೆಲ ಸಮ ಮಾಡಿದ್ದರೆ ಅವು ರಸ್ತೆಯ ಕೆಳಗೆ ಸೇರುತ್ತಿದ್ದವು.

೧೯೪೯ರಲ್ಲಿ ಕೊಲ್ಹಾಪುರ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ೧೯೫೬ರಲ್ಲಿ ಬೆಳಗಾವಿಯು ಮೈಸೂರು ರಾಜ್ಯಕ್ಕೆ ಸೇರಿತು. ೧೯೬೦ರಲ್ಲಿ ಮಹಾರಾಷ್ಟ್ರವು ಉದಯಿಸಿತು. ನಕಾಶೆಯ ಮೇಲಿನ ಗೆರೆ ಹೀಗೆ ಸರಿದಾಡಿದರೂ ಹಿರಣ್ಯಕೇಶಿಯ ಎರಡೂ ದಡಗಳ ಹಿತ್ತಲಲ್ಲಿ ಅದೇ ಮಲ್ಲಿಗೆ, ಅದೇ ಬಿಲ್ವ, ಅದೇ ಡೋಣಿ. ಬಾಮಣಿಯ ಶಾಸನವು ಹೊಲ, ಮನೆ, ಹೂದೋಟ ಮೂರನ್ನೂ ಅಳೆದು ಬರೆಯಿತು. ನಾವು ಹೊಲವನ್ನು ಅಳೆಯುತ್ತೇವೆ, ಮನೆಯನ್ನೂ ಅಳೆಯುತ್ತೇವೆ. ಮೂರನೆಯದನ್ನು ಅಳೆದು ಬರೆಯುವ ಹೊಣೆ ಶಿಕ್ಷಕ ಬಂಧುಗಳ ಮೇಲಿದೆ. ಪ್ರತಿಯೊಂದು ಶಾಲೆಯೂ ವರ್ಷಕ್ಕೊಂದು ವಾಡೆಯ ಅಂಗಳವನ್ನು ಬರೆದಿಟ್ಟರೂ ಸಾಕು, ಹತ್ತು ವರ್ಷಗಳಲ್ಲಿ ಈ ಸೀಮೆಯ ಮನೆಗಳ ಇನ್ನೊಂದು ಇತಿಹಾಸವೇ ಸಿದ್ಧವಾದೀತು.